ಕೂದಲು ಕಸಿ: ಹಿಂದಲೆಯ ಹೊಲಿಗೆಯ ಬಗ್ಗೆ ತಿಳಿದಿರಬೇಕಾದ ಸಂಗತಿಗಳು

ಕೂಡ್ಲಿಗಿ: ಬೋಳಾದ ಮುಂದಲೆಯಲ್ಲಿ ಮತ್ತೆ ಕೂದಲು ಬೆಳೆಸಿಕೊಡುವುದಾಗಿ ಹೇಳುವ ಜಾಹೀರಾತುಗಳು ಈಗ ಮೊಬೈಲ್ ಫೋನಿನ ಮೂಲಕ ಹಳ್ಳಿಗಳನ್ನೂ ತಲುಪಿವೆ. ಚಿಕಿತ್ಸೆಗೆ ಮುನ್ನ ಮತ್ತು ಚಿಕಿತ್ಸೆಯ ನಂತರ ಎಂಬ ಎರಡು ಚಿತ್ರ, ಇಷ್ಟು ಸಾವಿರ ಕಸಿಗಳಿಗೆ ಇಷ್ಟು ರೂಪಾಯಿ ಎಂಬ ಒಂದು ಸಾಲು. ಬಹುತೇಕ ಜಾಹೀರಾತುಗಳು ಇಷ್ಟಕ್ಕೇ ಮುಗಿಯುತ್ತವೆ. ಆ ಕೂದಲನ್ನು ಎಲ್ಲಿಂದ ತೆಗೆಯಲಾಯಿತು, ತೆಗೆದ ಜಾಗವನ್ನು ಹೇಗೆ ಮುಚ್ಚಲಾಯಿತು ಎಂಬುದರ ಪ್ರಸ್ತಾಪ ಅವುಗಳಲ್ಲಿ ಇರುವುದಿಲ್ಲ. ಆದರೆ ಚಿಕಿತ್ಸೆಯ ಕಲೆ ಜೀವನಪೂರ್ತಿ ಉಳಿಯುವುದು ಆ ಜಾಗದಲ್ಲಿಯೇ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳವರು ಈ ಚಿಕಿತ್ಸೆ ಬಯಸಿದರೆ ದಾವಣಗೆರೆ, ಬಳ್ಳಾರಿ, ಹುಬ್ಬಳ್ಳಿ ಇಲ್ಲವೇ ಬೆಂಗಳೂರಿನ ದಾರಿ ಹಿಡಿಯಬೇಕಾಗುತ್ತದೆ. ಇದು ಸೌಂದರ್ಯ ಚಿಕಿತ್ಸೆಯಾದ್ದರಿಂದ ಸರ್ಕಾರಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಲಭ್ಯವಿಲ್ಲ. ಬೆಳಿಗ್ಗೆ ಹೋಗಿ ಸಂಜೆ ಮರಳಬಹುದು ಎಂದು ಹೊರಟವರಿಗೆ ಹೊಲಿಗೆ ಬಿಚ್ಚಿಸಲು ಮತ್ತೊಮ್ಮೆ ಹೋಗಬೇಕು, ಹಲವು ವಾರ ಹೊಲದ ಕೆಲಸ ಬಿಡಬೇಕು ಎಂಬ ಸಂಗತಿ ತಿಳಿಯುವುದು ಆನಂತರವೇ. ಕಸಿಯ ಸಂಖ್ಯೆಯಷ್ಟೇ ಮುಖ್ಯವಾದ ಹೊಲಿಗೆಯ ವಿಷಯವನ್ನು ಓದುಗರ ಅನುಕೂಲಕ್ಕಾಗಿ ಇಲ್ಲಿ ವಿವರಿಸಲಾಗಿದೆ.

ಕೂದಲು ಕಸಿ ಎಂದರೇನು?

ಮಾವು, ಸಪೋಟ ಬೆಳೆಯುವವರಿಗೆ ಕಸಿ ಹೊಸದಲ್ಲ. ಕೂದಲಿನ ಕಸಿಯಲ್ಲಿ ಇರುವ ವ್ಯತ್ಯಾಸವೆಂದರೆ, ಇಲ್ಲಿ ಕೊಡುವವನೂ ಪಡೆಯುವವನೂ ಒಬ್ಬನೇ. ಗಂಡಸರಲ್ಲಿ ವಂಶಪಾರಂಪರ್ಯವಾಗಿ ಬರುವ ಬೋಳುತನಕ್ಕೆ ಹಾರ್ಮೋನಿನ ಪ್ರಭಾವ ಕಾರಣ. ಮುಂದಲೆ ಮತ್ತು ನೆತ್ತಿಯ ರೋಮಕೂಪಗಳು ಈ ಪ್ರಭಾವಕ್ಕೆ ಸೊರಗುತ್ತವೆ. ಹಿಂದಲೆಯಲ್ಲಿ, ಎರಡು ಕಿವಿಗಳ ನಡುವಿನ ಪಟ್ಟಿಯಲ್ಲಿರುವ ರೋಮಕೂಪಗಳು ಸಾಮಾನ್ಯವಾಗಿ ಸೊರಗುವುದಿಲ್ಲ. ಅವುಗಳನ್ನು ಕಿತ್ತು ಮುಂದಲೆಯಲ್ಲಿ ನೆಟ್ಟರೂ ತಮ್ಮ ಮೂಲ ಗುಣವನ್ನು ಉಳಿಸಿಕೊಳ್ಳುತ್ತವೆ. ನ್ಯೂಯಾರ್ಕಿನ ಚರ್ಮತಜ್ಞ ನಾರ್ಮನ್ ಓರೆಂಟ್ರೈಕ್ 1959ರಲ್ಲಿ ಪ್ರಕಟಿಸಿದ ಈ ತತ್ವವೇ ಇಂದಿನ ಚಿಕಿತ್ಸೆಯ ತಳಹದಿ. ಅದಕ್ಕೂ ಮುನ್ನ 1939ರಲ್ಲಿ ಜಪಾನಿನ ಶೋಜಿ ಒಕುಡ ಎಂಬ ವೈದ್ಯರು ಗಾಯದಿಂದ ಕೂದಲು ಕಳೆದುಕೊಂಡವರಿಗೆ ಇಂಥ ಕಸಿ ಮಾಡಿದ್ದರು.

ಆ ಕಾಲದಲ್ಲಿ ಸುಮಾರು 4 ಮಿಲಿಮೀಟರ್ ಅಗಲದ ಕೊಳವೆಯಂಥ ಅಲಗಿನಿಂದ ಚರ್ಮದ ಬಿಲ್ಲೆಗಳನ್ನು ಕತ್ತರಿಸಿ ನೆಡುತ್ತಿದ್ದರು. ಹಿಂದಲೆಯ ಗುಳಿಗಳಿಗೆ ಹೊಲಿಗೆ ಹಾಕದೆ ತಾವಾಗಿ ಮಾಯಲು ಬಿಡುವುದೂ ವಾಡಿಕೆಯಾಗಿತ್ತು. ಮುಂದಲೆಯಲ್ಲಿ ಕೂದಲು ಗೊಂಬೆಯ ತಲೆಯಂತೆ ಗುಚ್ಛಗುಚ್ಛವಾಗಿ ಬರುತ್ತಿತ್ತು. ಹಿಂದಲೆಯಲ್ಲಿ ಬಿಳಿಯ ಚುಕ್ಕೆಗಳು ಉಳಿಯುತ್ತಿದ್ದವು.

ಇಂದು ರೂಢಿಯಲ್ಲಿರುವ ವಿಧಾನಗಳು ಎರಡು. ಮೊದಲನೆಯದು ಪಟ್ಟಿ ವಿಧಾನ. ಹಿಂದಲೆಯಿಂದ ಚರ್ಮದ ಉದ್ದನೆಯ ಪಟ್ಟಿಯೊಂದನ್ನು ತೆಗೆದು, ಸೂಕ್ಷ್ಮದರ್ಶಕದ ಕೆಳಗೆ ಅದನ್ನು ಒಂದರಿಂದ ನಾಲ್ಕು ಕೂದಲುಗಳಿರುವ ಸಹಜ ಗುಂಪುಗಳಾಗಿ ಬಿಡಿಸಿ ನೆಡಲಾಗುತ್ತದೆ. ಅಮೆರಿಕದ ಬಾಬಿ ಲಿಮ್ಮರ್ 1994ರಲ್ಲಿ ಇದನ್ನು ವಿವರಿಸಿ ಬರೆದರು. ಎರಡನೆಯದು ಬಿಡಿಯಾಗಿ ಕೀಳುವ ವಿಧಾನ. ಸುಮಾರು 1 ಮಿ.ಮೀ. ಅಥವಾ ಅದಕ್ಕಿಂತ ಸಣ್ಣ ಕೊಳವೆ ಅಲಗಿನಿಂದ ಒಂದೊಂದೇ ಗುಂಪನ್ನು ಹೊರತೆಗೆಯುವ ಈ ಕ್ರಮ 2002ರ ನಂತರ ವ್ಯಾಪಕವಾಯಿತು. ಇದರಲ್ಲಿ ಹೊಲಿಗೆ ಇಲ್ಲ. ಹಾಗೆಂದು ಕಲೆಯೇ ಇಲ್ಲ ಎಂಬ ಪ್ರಚಾರ ಸತ್ಯವಲ್ಲ. ಒಂದು ಗೆರೆಯ ಬದಲು ಸಾವಿರಾರು ಚುಕ್ಕೆಗಳು ಉಳಿಯುತ್ತವೆ. ಅವು ಚಿಕ್ಕವಾದ್ದರಿಂದ ಸುಲಭವಾಗಿ ಮರೆಯಾಗುತ್ತವೆ ಅಷ್ಟೆ. ಮುಂದಿನ ವಿವರಣೆ ಹೊಲಿಗೆ ಬೇಕಾಗುವ ಪಟ್ಟಿ ವಿಧಾನಕ್ಕೆ ಸಂಬಂಧಿಸಿದ್ದು.

ಸಂಖ್ಯೆ ಹೆಚ್ಚಿದಷ್ಟೂ ಬಿಗಿ ಹೆಚ್ಚು

ಹೊಲಿಗೆಯ ಫಲಿತಾಂಶ ಸೂಜಿ ಹಿಡಿಯುವ ಮೊದಲೇ ಅರ್ಧ ನಿರ್ಧಾರವಾಗಿರುತ್ತದೆ. ಒಂದು ಸರಳ ಲೆಕ್ಕ ನೋಡಬಹುದು. ಹಿಂದಲೆಯ ಒಂದು ಚದರ ಸೆಂಟಿಮೀಟರಿನಲ್ಲಿ 75 ಕೂದಲ ಗುಂಪುಗಳಿವೆ ಎಂದಿಟ್ಟುಕೊಳ್ಳೋಣ. 1,500 ಕಸಿ ಬೇಕಾದರೆ 20 ಚದರ ಸೆಂ.ಮೀ. ಚರ್ಮ ಬೇಕು. ಅಂದರೆ 1 ಸೆಂ.ಮೀ. ಅಗಲ, 20 ಸೆಂ.ಮೀ. ಉದ್ದದ ಪಟ್ಟಿ. 3,000 ಕಸಿಗೆ 40 ಚದರ ಸೆಂ.ಮೀ. ಬೇಕು. ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಸಿಗುವ ಉದ್ದಕ್ಕೆ ಮಿತಿ ಇರುವುದರಿಂದ ಪಟ್ಟಿಯ ಅಗಲವನ್ನು 1.5 ಸೆಂ.ಮೀ.ಗೆ ಹೆಚ್ಚಿಸದೆ ಬೇರೆ ದಾರಿ ಇಲ್ಲ. ಆಗಲೂ ಉದ್ದ 27 ಸೆಂ.ಮೀ. ಸಮೀಪಕ್ಕೆ ಹೋಗುತ್ತದೆ.

ಪಟ್ಟಿ ತೆಗೆದ ಮೇಲೆ ಉಳಿಯುವ ಎರಡು ಅಂಚುಗಳನ್ನು ಎಳೆದು ಕೂಡಿಸಬೇಕು. ಅಗಲ ಹೆಚ್ಚಿದಷ್ಟೂ ಎಳೆತ ಹೆಚ್ಚು. ಎಳೆತದಲ್ಲಿ ಕೂಡಿಸಿದ ಗಾಯ ಮೊದಲು ಚೆನ್ನಾಗಿಯೇ ಕಂಡರೂ ತಿಂಗಳುಗಳು ಕಳೆದಂತೆ ಅಗಲವಾಗುತ್ತದೆ. ಚೆನ್ನಾಗಿ ಮಾಯ್ದ ಕಲೆ 1ರಿಂದ 3 ಮಿ.ಮೀ. ಅಗಲವಿದ್ದು ಸುತ್ತಲಿನ ಕೂದಲಿನಲ್ಲಿ ಮುಚ್ಚಿಹೋಗುತ್ತದೆ. ಬಿಗಿಯಲ್ಲಿ ಹೊಲಿದದ್ದು ಹಿಗ್ಗಿ, ಬೈತಲೆಯಂತೆ ಹಿಂದಲೆಗೆ ಅಡ್ಡಲಾಗಿ ಕಾಣುತ್ತದೆ. ಆದ್ದರಿಂದಲೇ ಅನುಭವಿ ವೈದ್ಯರು ಪಟ್ಟಿಯ ಗೆರೆ ಎಳೆಯುವ ಮೊದಲು ಹಿಂದಲೆಯ ಚರ್ಮವನ್ನು ಬೆರಳುಗಳಿಂದ ಮೇಲೆ ಕೆಳಗೆ ಸರಿಸಿ, ಚಿವುಟಿ, ಅದು ಎಷ್ಟು ಸಡಿಲವಿದೆ ಎಂಬುದನ್ನು ಪರೀಕ್ಷಿಸುತ್ತಾರೆ. ಬಿಗಿಯಾದ ಚರ್ಮವಿರುವವರಿಗೆ ಒಂದೇ ಬಾರಿಗೆ ಹೆಚ್ಚು ಕಸಿ ಮಾಡುವ ಭರವಸೆ ಕೊಡುವುದು ಹಿಂದಲೆಯನ್ನು ಪಣಕ್ಕಿಟ್ಟಂತೆ.

ತಲೆಚರ್ಮದ ಐದು ಪದರ

ತಲೆಯ ಹೊದಿಕೆಯಲ್ಲಿ ಐದು ಪದರಗಳಿವೆ. ಮೇಲೆ ಚರ್ಮ, ಅದರ ಕೆಳಗೆ ರಕ್ತನಾಳಗಳು ತುಂಬಿದ ದಟ್ಟ ಅಂಗಾಂಶ, ನಂತರ ಗೇಲಿಯಾ ಎಂಬ ಗಟ್ಟಿ ಪೊರೆ, ಅದರಡಿ ಸಡಿಲ ಅಂಗಾಂಶ, ಕೊನೆಗೆ ತಲೆಬುರುಡೆಗೆ ಅಂಟಿದ ಪೊರೆ. ಎರಡನೆಯ ಪದರದ ದಟ್ಟ ಎಳೆಗಳು ಕತ್ತರಿಸಿದ ರಕ್ತನಾಳದ ಬಾಯಿ ಮುಚ್ಚಿಕೊಳ್ಳದಂತೆ ಹಿಡಿದಿಡುತ್ತವೆ. ತಲೆಯ ಗಾಯದಲ್ಲಿ ರಕ್ತ ಧಾರಾಕಾರವಾಗಿ ಹರಿಯುವುದಕ್ಕೆ ಇದೇ ಕಾರಣ.

ಗುಡೇಕೋಟೆ ಕರಡಿಧಾಮದ ಸುತ್ತಲಿನ ಕೂಡ್ಲಿಗಿ ತಾಲ್ಲೂಕಿನ ಹಳ್ಳಿಗಳವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕರಡಿ ದಾಳಿಯಲ್ಲಿ ತಲೆ ಮತ್ತು ಮುಖಕ್ಕೇ ಹೆಚ್ಚಾಗಿ ಪೆಟ್ಟು ಬೀಳುತ್ತದೆ. ಅಂಥ ಗಾಯದಲ್ಲಿ ರಕ್ತ ನಿಲ್ಲಿಸಿ ಜೀವ ಉಳಿಸುವುದು ಮೊದಲ ಕೆಲಸ. ಕಲೆಯ ಮಾತು ಆಮೇಲೆ. ಹೀಗೆ ಗಾಯದಿಂದ ಕೂದಲು ಕಳೆದುಕೊಂಡ ಜಾಗಕ್ಕೂ, ಗಾಯ ಪೂರ್ತಿ ಮಾಯ್ದ ನಂತರ, ಕೂದಲು ಕಸಿ ಮಾಡುವುದು ಸಾಧ್ಯ. ಒಕುಡ ಅವರ ಕಸಿ ಆರಂಭವಾದದ್ದೂ ಇಂಥವರಿಗಾಗಿಯೇ.

ಕಸಿ ಚಿಕಿತ್ಸೆಯಲ್ಲಾದರೋ ವೈದ್ಯರು ಗಾಯದ ಆಳವನ್ನು ತಾವೇ ನಿರ್ಧರಿಸುತ್ತಾರೆ. ಅಡ್ರಿನಾಲಿನ್ ಬೆರೆಸಿದ ಲಿಗ್ನೋಕೇಯ್ನ್ ಚುಚ್ಚುಮದ್ದಿನಿಂದ ಜಾಗವನ್ನು ಮರಗಟ್ಟಿಸಿ, ರೋಮಕೂಪದ ಬುಡದ ಸ್ವಲ್ಪ ಕೆಳಗಿನವರೆಗೆ ಮಾತ್ರ ಕತ್ತರಿಸುತ್ತಾರೆ. ಗೇಲಿಯಾ ಪೊರೆಯನ್ನೂ ಅದರ ಮೇಲಿನ ದೊಡ್ಡ ರಕ್ತನಾಳ ಮತ್ತು ನರಗಳನ್ನೂ ಕಾಪಾಡುವುದು ಇದರ ಉದ್ದೇಶ. ಅಲಗನ್ನು ಕೂದಲಿನ ಓರೆಗೆ ಸಮಾನಾಂತರವಾಗಿ ಹಿಡಿಯದಿದ್ದರೆ ಅಂಚಿನ ರೋಮಕೂಪಗಳು ತುಂಡಾಗಿ, ಹೊಲಿಗೆ ಎಷ್ಟೇ ಚೆನ್ನಾಗಿದ್ದರೂ ಗೆರೆಯ ಬದಿಗೆ ಕೂದಲಿಲ್ಲದ ಪಟ್ಟಿ ಉಳಿಯುತ್ತದೆ.

ಹೊಲಿಗೆಯ ವಿಧಗಳು

ಬಿಡಿ ಹೊಲಿಗೆ: ಒಂದೊಂದು ಹೊಲಿಗೆಯನ್ನೂ ಪ್ರತ್ಯೇಕವಾಗಿ ಹಾಕಿ ಗಂಟು ಕಟ್ಟಲಾಗುತ್ತದೆ. ಒಂದು ಕಡಿದರೂ ಉಳಿದವು ಗಾಯವನ್ನು ಹಿಡಿದಿರುತ್ತವೆ. ಉದ್ದನೆಯ ಗಾಯಕ್ಕೆ ಸಮಯ ಹೆಚ್ಚು ಹಿಡಿಯುತ್ತದೆ. ಗಂಟುಗಳು ಬಿಗಿಯಾದರೆ ಗೆರೆಯ ಎರಡೂ ಬದಿಗೆ ಏಣಿಯ ಮೆಟ್ಟಿಲಿನಂಥ ಗುರುತು ಉಳಿಯುತ್ತದೆ.

ನಿರಂತರ ಹೊಲಿಗೆ: ಕೌದಿ ಹೊಲಿಯುವಂತೆ ಒಂದೇ ದಾರ ಗಾಯದ ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಗುತ್ತದೆ. ಗಂಟು ಎರಡು ತುದಿಗಳಲ್ಲಿ ಮಾತ್ರ. ಎಳೆತ ಉದ್ದಕ್ಕೂ ಸಮನಾಗಿ ಹಂಚಿಹೋಗುವುದರಿಂದ ಹಿಂದಲೆಯ ಗಾಯಕ್ಕೆ ಇದು ಹೆಚ್ಚು ಬಳಕೆಯಲ್ಲಿದೆ. ದಾರ ಮಧ್ಯದಲ್ಲಿ ಕಡಿದರೆ ಇಡೀ ಹೊಲಿಗೆ ಸಡಿಲವಾಗುವುದು ಇದರ ದೋಷ. ಪ್ರತಿ ಸುತ್ತಿನಲ್ಲೂ ದಾರವನ್ನು ಕೊಂಡಿ ಹಾಕುತ್ತ ಹೋಗುವ ಬಗೆಯೂ ಉಂಟು. ಅದು ರಕ್ತವನ್ನು ಬೇಗ ನಿಲ್ಲಿಸುತ್ತದೆಯಾದರೂ ಅಂಚಿನ ರಕ್ತಸಂಚಾರವನ್ನು ಹಿಸುಕಿ ರೋಮಕೂಪಗಳಿಗೆ ಹಾನಿ ಮಾಡುವ ಭಯವಿದೆ.

ಎರಡು ಪದರದ ಹೊಲಿಗೆ: ಮೊದಲು ಒಳಪದರವನ್ನು ಕರಗುವ ದಾರದಿಂದ ಕೂಡಿಸಿ, ನಂತರ ಮೇಲ್ಚರ್ಮವನ್ನು ಹೊಲಿಯಲಾಗುತ್ತದೆ. ಎಳೆತದ ಭಾರವನ್ನು ಒಳಗಿನ ದಾರ ಹೊರುವುದರಿಂದ ಮೇಲಿನ ಅಂಚುಗಳು ನಿರಾಳವಾಗಿ ಸೇರುತ್ತವೆ. ಚರ್ಮ ಬಿಗಿಯಿದ್ದವರಿಗೆ, ಎರಡನೆಯ ಬಾರಿ ಪಟ್ಟಿ ತೆಗೆಸಿಕೊಳ್ಳುವವರಿಗೆ ಇದು ಉಪಯುಕ್ತ.

ಚರ್ಮದೊಳಗಿನ ಹೊಲಿಗೆ: ದಾರ ಚರ್ಮದ ಒಳಪದರದಲ್ಲೇ ಸಾಗುವುದರಿಂದ ಹೊರಗೆ ಮೆಟ್ಟಿಲಿನ ಗುರುತು ಬೀಳುವುದಿಲ್ಲ. ಹೊಟ್ಟೆ, ಕತ್ತಿನ ಗಾಯಗಳಿಗೆ ಇದು ಪ್ರಶಸ್ತ. ಆದರೆ ತಲೆಯಲ್ಲಿ ಅದೇ ಪದರದಲ್ಲಿ ರೋಮಕೂಪಗಳಿರುವುದರಿಂದ ಸೂಜಿಯ ದಾರಿಯಲ್ಲಿ ಅವು ಸಿಕ್ಕಿಕೊಳ್ಳದಂತೆ ಎಚ್ಚರ ಬೇಕಾಗುತ್ತದೆ.

ಸ್ಟೇಪಲ್ ಪಿನ್ನು: ಲೋಹದ ಪಿನ್ನುಗಳನ್ನು ಯಂತ್ರದಿಂದ ಕೂರಿಸುವ ಕ್ರಮ. ಕೆಲಸ ಬೇಗ ಮುಗಿಯುತ್ತದೆ, ರೋಮಕೂಪಗಳು ದಾರದ ಉರುಳಿಗೆ ಸಿಗುವುದಿಲ್ಲ. ದಿಂಬಿಗೆ ತಲೆಯಿಟ್ಟು ಮಲಗುವಾಗ ಚುಚ್ಚುತ್ತವೆ. ಅವುಗಳನ್ನು ತೆಗೆಯಲು ಪ್ರತ್ಯೇಕ ಉಪಕರಣ ಬೇಕು.

ಯಾವ ವಿಧವಾದರೂ ಮೂರು ನಿಯಮಗಳು ಒಂದೇ. ಸೂಜಿ ಅಂಚಿಗೆ ಸಮೀಪದಲ್ಲಿ, ಹೆಚ್ಚು ಆಳಕ್ಕಿಳಿಯದೆ ಸಾಗಬೇಕು. ಎರಡೂ ಅಂಚುಗಳು ಒಂದೇ ಮಟ್ಟದಲ್ಲಿ ಕೂಡಬೇಕು. ದಾರ ಅಂಚುಗಳನ್ನು ಸೇರಿಸಬೇಕೇ ಹೊರತು ಬಿಗಿದು ಉಸಿರುಗಟ್ಟಿಸಬಾರದು. ಗಾಯ ಮರುದಿನ ಊದಿಕೊಳ್ಳುವುದರಿಂದ ಇಂದು ಸರಿಯಾಗಿ ಕಂಡ ಬಿಗಿ ನಾಳೆ ಅತಿಯಾಗುತ್ತದೆ.

ಕಲೆಯೊಳಗಿಂದ ಕೂದಲು

ಇಷ್ಟೆಲ್ಲ ಎಚ್ಚರ ವಹಿಸಿದರೂ ಗೆರೆಯಲ್ಲಿ ಕೂದಲು ಹುಟ್ಟುವುದಿಲ್ಲ. ಈ ಕೊರತೆಗೆ ಆಸ್ಟ್ರೇಲಿಯಾದ ಮಾರಿಯೊ ಮಾರ್ಜೋಲ, ಫ್ರಾನ್ಸಿನ ಪ್ಯಾಟ್ರಿಕ್ ಫ್ರೆಶೆ ಮತ್ತು ಅಮೆರಿಕದ ಪಾಲ್ ರೋಸ್ 2005ರ ಸುಮಾರಿಗೆ ಪರಿಹಾರವೊಂದನ್ನು ಪ್ರಚಾರಕ್ಕೆ ತಂದರು. ಟ್ರೈಕೋಫೈಟಿಕ್ ಹೊಲಿಗೆ ಎಂಬುದು ಇದರ ಹೆಸರು.

ಇದರಲ್ಲಿ ಗಾಯದ ಒಂದು ಅಂಚಿನ ಮೇಲ್ಪೊರೆಯನ್ನು ಸುಮಾರು 1 ಮಿ.ಮೀ. ಅಗಲಕ್ಕೆ, ಅತಿ ತೆಳುವಾಗಿ ಹೆರೆದು ತೆಗೆಯಲಾಗುತ್ತದೆ. ಆ ಭಾಗದ ಕೂದಲುಗಳ ತುದಿ ಮಾತ್ರ ಕತ್ತರಿಸಲ್ಪಟ್ಟು ಬುಡ ಉಳಿಯುತ್ತದೆ. ಇನ್ನೊಂದು ಅಂಚನ್ನು ಅದರ ಮೇಲೆ ಹೊದಿಸಿ ಹೊಲಿಯುತ್ತಾರೆ. ಕೆಲವು ತಿಂಗಳ ನಂತರ ಆ ಕೂದಲುಗಳು ಕಲೆಯನ್ನೇ ಸೀಳಿಕೊಂಡು ಹೊರಬಂದು ಗೆರೆಯನ್ನು ಮರೆಮಾಡುತ್ತವೆ. ಹೆರೆತ ಆಳವಾದರೆ ಬುಡವೇ ಹೋಗುತ್ತದೆ. ಕೂದಲು ಹೊರಬರಲಾರದೆ ಒಳಗೇ ಸುರುಳಿಯಾದರೆ ಕೆಲವು ಕಾಲ ಗುಳ್ಳೆಗಳು ಏಳಬಹುದು. ಮುಖ್ಯವಾಗಿ, ಈ ವಿಧಾನ ಎಳೆತವನ್ನು ಕಡಿಮೆ ಮಾಡುವುದಿಲ್ಲ. ಅತಿ ಅಗಲದ ಪಟ್ಟಿ ತೆಗೆದ ತಪ್ಪನ್ನು ಇದರಿಂದ ಮುಚ್ಚಲಾಗದು.

ದಾರ ಯಾವುದು?

ಹೊಲಿಗೆಯ ದಾರಗಳಲ್ಲಿ ಕರಗುವವು, ಕರಗದವು ಎಂದು ಎರಡು ಬಗೆ. ನೈಲಾನ್ ಮತ್ತು ಪಾಲಿಪ್ರೊಪಿಲೀನ್ ಕರಗುವುದಿಲ್ಲ. ಒಂದೇ ಎಳೆಯ ನುಣುಪಾದ ದಾರಗಳಾದ್ದರಿಂದ ಸೋಂಕು ಕೂರುವ ಸಂಭವ ಕಡಿಮೆ. ಆದರೆ 10ರಿಂದ 14 ದಿನಗಳೊಳಗೆ ಬಿಚ್ಚಿಸಬೇಕು. ಪಾಲಿಗ್ಲಾಕ್ಟಿನ್ ಸುಮಾರು ಎರಡು ತಿಂಗಳಲ್ಲಿ, ಪಾಲಿಗ್ಲಿಕಾಪ್ರೋನ್ ಸುಮಾರು ಮೂರರಿಂದ ನಾಲ್ಕು ತಿಂಗಳಲ್ಲಿ ದೇಹದೊಳಗೆ ಕರಗುತ್ತವೆ. ದಾರದ ದಪ್ಪವನ್ನು ಸೊನ್ನೆಗಳ ಲೆಕ್ಕದಲ್ಲಿ ಹೇಳುತ್ತಾರೆ. ಸೊನ್ನೆ ಹೆಚ್ಚಿದಷ್ಟೂ ದಾರ ತೆಳು. ಹಿಂದಲೆಗೆ ಸಾಮಾನ್ಯವಾಗಿ ಮೂರು ಅಥವಾ ನಾಲ್ಕು ಸೊನ್ನೆಯ ದಾರ ಬಳಕೆಯಲ್ಲಿದೆ. ಅದರ ದಪ್ಪ ಸುಮಾರು 0.15ರಿಂದ 0.25 ಮಿ.ಮೀ.

ಹಿಂದೆ ಕರಗುವ ದಾರವೆಂದರೆ ಕುರಿ ಅಥವಾ ದನದ ಕರುಳಿನ ಪದರದಿಂದ ತಯಾರಿಸಿದ ಕ್ಯಾಟ್‌ಗಟ್ ಆಗಿತ್ತು. 1970ರ ದಶಕದಲ್ಲಿ ಬಂದ ಕೃತಕ ದಾರಗಳು ಕ್ರಮೇಣ ಅದರ ಸ್ಥಾನವನ್ನು ಪಡೆದವು. ಇಂಥ ದಾರಗಳನ್ನು ತಯಾರಿಸುವ ಕಾರ್ಖಾನೆಗಳು ಬೆಂಗಳೂರಿನಲ್ಲಿಯೂ ಇವೆ.

ಸುಶ್ರುತ ಹೇಳಿದ ನಾಲ್ಕು ಹೊಲಿಗೆ

ಗಾಯ ಹೊಲಿಯುವ ವಿದ್ಯೆ ಭಾರತಕ್ಕೆ ಹೊಸದೇನಲ್ಲ. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಎಂಟು ಬಗೆಯ ಶಸ್ತ್ರಕರ್ಮಗಳ ಪೈಕಿ ಹೊಲಿಗೆಯೂ ಒಂದು. ವೇಲ್ಲಿತಕ, ಗೋಫಣಿಕಾ, ತುನ್ನಸೇವನಿ, ಋಜುಗ್ರಂಥಿ ಎಂದು ಅದರಲ್ಲಿ ನಾಲ್ಕು ವಿಧ. ಗೋಫಣವೆಂದರೆ ಜೋಳದ ಹೊಲದಲ್ಲಿ ಹಕ್ಕಿ ಓಡಿಸುವ ಕವಣೆ. ದಾರಗಳ ಪಟ್ಟಿಯಲ್ಲಿ ನಾರು, ಸೆಣಬು, ಸ್ನಾಯುಗಳ ಜೊತೆಗೆ ಕೂದಲೂ ಇದೆ ಎಂಬುದು ಈ ಲೇಖನದ ಮಟ್ಟಿಗೆ ಸ್ವಾರಸ್ಯದ ಸಂಗತಿ. ಮಾಂಸಲ ಭಾಗಕ್ಕೆ ಮೂರು ಅಂಗುಲದ, ಮೂರು ಅಂಚಿನ ಸೂಜಿಯನ್ನು ಗ್ರಂಥ ಹೇಳುತ್ತದೆ. ಇಂದು ಚರ್ಮ ಹೊಲಿಯುವ ಸೂಜಿಯ ತುದಿಯೂ ಮೂರು ಅಂಚಿನದೇ. ಹೊಲಿಗೆಗಳು ತೀರ ದೂರವಾದರೆ ನೋವು, ತೀರ ಹತ್ತಿರವಾದರೆ ಅಂಚು ಹರಿಯುತ್ತದೆ ಎಂಬ ಅದರ ಎಚ್ಚರಿಕೆ ಇಂದಿಗೂ ಅನ್ವಯಿಸುತ್ತದೆ.

ಊರಿಗೆ ಮರಳಿದ ಮೇಲೆ

ಹೊಲಿಗೆ ಬಿಚ್ಚಿದ ದಿನವೇ ಗಾಯ ಮಾಯಿತು ಎಂದು ಭಾವಿಸುವುದು ಸಾಮಾನ್ಯ. ವಾಸ್ತವ ಬೇರೆ. ಮೂರನೆಯ ವಾರದಲ್ಲಿ ಗಾಯಕ್ಕೆ ಸಹಜ ಚರ್ಮದ ಸುಮಾರು ಐದನೇ ಒಂದು ಭಾಗದಷ್ಟು ಮಾತ್ರ ಬಲವಿರುತ್ತದೆ. ಸುಮಾರು ಮೂರು ತಿಂಗಳಿಗೆ ಅದು ಶೇ 80ರ ಸಮೀಪ ತಲುಪುತ್ತದೆ. ಪೂರ್ಣ ಬಲ ಎಂದೂ ಮರಳುವುದಿಲ್ಲ.

ಆದ್ದರಿಂದ ಶೇಂಗಾ ಕೀಳುವುದು, ಕಳೆ ತೆಗೆಯುವುದು ಮೊದಲಾಗಿ ಕತ್ತು ಬಗ್ಗಿಸಿ ಮಾಡುವ ಕೆಲಸ, ಚೀಲ ಹೊರುವುದು, ಭಾರ ಎತ್ತುವುದು ಹಲವು ವಾರ ನಿಲ್ಲಬೇಕು. ಕತ್ತು ಮುಂದಕ್ಕೆ ಬಾಗಿದಾಗಲೆಲ್ಲ ಹಿಂದಲೆಯ ಗಾಯ ಎಳೆತಕ್ಕೆ ಒಳಗಾಗುತ್ತದೆ. ಬಿತ್ತನೆ, ಸುಗ್ಗಿಯ ಕಾಲವನ್ನು ಬಿಟ್ಟು ದಿನ ಗೊತ್ತುಮಾಡುವುದು ಲೇಸು. ಮದುವೆ ನಿಶ್ಚಯವಾದ ಮೇಲೆ ಅವಸರದಲ್ಲಿ ಮಾಡಿಸುವುದೂ ಸರಿಯಲ್ಲ. ನೆಟ್ಟ ಕೂದಲು ಮೊದಲು ಉದುರಿ, ಮೂರು ನಾಲ್ಕು ತಿಂಗಳ ನಂತರ ಮತ್ತೆ ಮೂಡುತ್ತದೆ. ಫಲಿತಾಂಶ ಪೂರ್ತಿ ಕಾಣಲು ಒಂದು ವರ್ಷ ಬೇಕು.

ಬೆಂಗಳೂರಿನಲ್ಲಿ ಚಿಕಿತ್ಸೆ ಪಡೆದವರು ಹೊಲಿಗೆ ಬಿಚ್ಚಿಸಲು ಮತ್ತೆ ಹೋಗಲಾಗದಿದ್ದರೆ, ಯಾವ ದಾರ, ಯಾವ ಬಗೆಯ ಹೊಲಿಗೆ, ಎಷ್ಟನೆಯ ದಿನ ಬಿಚ್ಚಬೇಕು ಎಂಬುದನ್ನು ಬರಹದಲ್ಲಿ ಪಡೆದು ಸಮೀಪದ ಆಸ್ಪತ್ರೆಯ ವೈದ್ಯರಲ್ಲಿ ಬಿಚ್ಚಿಸಿಕೊಳ್ಳಬಹುದು. ಪಿನ್ನು ಹಾಕಿದ್ದರೆ ಅದನ್ನು ತೆಗೆಯುವ ಉಪಕರಣ ಅಲ್ಲಿದೆಯೇ ಎಂದು ಮೊದಲೇ ವಿಚಾರಿಸಬೇಕು. ಗಾಯದಿಂದ ಕೀವು, ನಿಲ್ಲದ ರಕ್ತ, ಹೆಚ್ಚುತ್ತಿರುವ ನೋವು ಅಥವಾ ಜ್ವರ ಕಂಡರೆ ನಿಗದಿತ ದಿನದವರೆಗೆ ಕಾಯಬಾರದು. ಗೆರೆಯ ಸುತ್ತ ಕೂದಲು ತಾತ್ಕಾಲಿಕವಾಗಿ ಉದುರುವುದುಂಟು. ಅದು ಕೆಲವು ತಿಂಗಳಲ್ಲಿ ಮರಳುತ್ತದೆ.

ಬೀಡಿ, ಸಿಗರೇಟು ಚರ್ಮದ ರಕ್ತಸಂಚಾರವನ್ನು ಕುಗ್ಗಿಸಿ ಗಾಯ ಮಾಯುವುದನ್ನು ತಡೆಯುತ್ತವೆ. ಹತೋಟಿಯಲ್ಲಿಲ್ಲದ ಮಧುಮೇಹವೂ ಹಾಗೆಯೇ. ಹಿಂದಿನ ಗಾಯಗಳು ಉಬ್ಬಿ ಗಂಟಾಗಿದ್ದರೆ, ಅಂದರೆ ಕೆಲಾಯ್ಡ್ ಪ್ರವೃತ್ತಿಯಿದ್ದರೆ, ಅದನ್ನು ವೈದ್ಯರಿಂದ ಮರೆಮಾಚಬಾರದು.

ಯಾರು ಮಾಡಬಹುದು?

ಭಾರತೀಯ ಚರ್ಮತಜ್ಞರ ಸಂಘದ ಕಾರ್ಯಪಡೆಯ ಪರವಾಗಿ ನರೇಂದ್ರ ಪಟವರ್ಧನ್ ಮತ್ತು ಬೆಂಗಳೂರಿನ ಡಾ. ವೆಂಕಟರಾಮ್ ಮೈಸೂರು ಕೂದಲು ಕಸಿಗೆ ಸಂಬಂಧಿಸಿದ ಮಾರ್ಗಸೂಚಿಯನ್ನು 2008ರಲ್ಲಿ ಪ್ರಕಟಿಸಿದರು. 2022ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವೂ ಮಾರ್ಗಸೂಚಿ ಹೊರಡಿಸಿತು. ಕಾರ್ಯಾಗಾರಕ್ಕೆ ಹೋಗಿ ಬಂದ ಮಾತ್ರಕ್ಕೆ, ಯೂಟ್ಯೂಬ್ ನೋಡಿ ಕಲಿತ ಮಾತ್ರಕ್ಕೆ ಇಂಥ ಶಸ್ತ್ರಚಿಕಿತ್ಸೆ ಮಾಡುವ ಅರ್ಹತೆ ಬರುವುದಿಲ್ಲ ಎಂದು ಅದು ಸ್ಪಷ್ಟಪಡಿಸಿದೆ. ಕ್ರಮಬದ್ಧ ತರಬೇತಿ ಪಡೆದ ಚರ್ಮತಜ್ಞರು ಅಥವಾ ಪ್ಲಾಸ್ಟಿಕ್ ಸರ್ಜನ್‌ಗಳು ಮಾಡಬೇಕಾದ ಕೆಲಸವಿದು.

ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಅಡಿ ಪ್ರತಿ ಖಾಸಗಿ ಚಿಕಿತ್ಸಾಲಯವೂ ನೋಂದಣಿ ಪಡೆದಿರಬೇಕು. ದೂರುಗಳಿದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಹಾಗೂ ಕುಂದುಕೊರತೆ ನಿವಾರಣಾ ಪ್ರಾಧಿಕಾರಕ್ಕೆ, ವೈದ್ಯರ ನಡವಳಿಕೆಯ ಕುರಿತಾದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಸಲ್ಲಿಸಬಹುದು. ಗ್ರಾಹಕರ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಗ್ರಾಹಕರು ತಾವು ವಾಸಿಸುವ ಸ್ಥಳದ ವ್ಯಾಪ್ತಿಯ ಜಿಲ್ಲಾ ಆಯೋಗದಲ್ಲಿಯೇ ದೂರು ದಾಖಲಿಸಬಹುದು. ಚಿಕಿತ್ಸೆ ಬೆಂಗಳೂರಿನಲ್ಲಾಯಿತೆಂಬ ಕಾರಣಕ್ಕೆ ಅಲ್ಲಿಗೇ ಅಲೆಯಬೇಕಿಲ್ಲ. ರಸೀದಿ, ಒಪ್ಪಿಗೆ ಪತ್ರ, ಚೀಟಿಗಳನ್ನು ಜೋಪಾನವಾಗಿಡುವುದು ಅಗತ್ಯ.

ಕೇಳಬೇಕಾದ ಪ್ರಶ್ನೆಗಳು

ಮುಂಗಡ ಹಣ ಕಟ್ಟುವ ಮೊದಲು ಈ ಪ್ರಶ್ನೆಗಳಿಗೆ ಉತ್ತರ ಪಡೆಯಬೇಕು.

* ಪಟ್ಟಿ ತೆಗೆಯುವುದೋ, ಬಿಡಿಯಾಗಿ ಕೀಳುವುದೋ? ನನಗೆ ಯಾವುದು ಸೂಕ್ತ, ಏಕೆ?

* ಪಟ್ಟಿಯ ಅಗಲ ಎಷ್ಟು? ನನ್ನ ಹಿಂದಲೆಯ ಚರ್ಮದ ಸಡಿಲತೆ ಪರೀಕ್ಷಿಸಿದ್ದೀರಾ?

* ಕತ್ತರಿಸುವವರು, ಹೊಲಿಯುವವರು ಯಾರು? ಅವರ ಪದವಿ, ನೋಂದಣಿ ಸಂಖ್ಯೆ ಏನು?

* ಯಾವ ಹೊಲಿಗೆ, ಯಾವ ದಾರ? ಎಲ್ಲಿ, ಯಾವಾಗ ಬಿಚ್ಚಿಸಬೇಕು?

* ನೀವು ಈ ಹಿಂದೆ ಚಿಕಿತ್ಸೆ ಮಾಡಿದವರ ಹಿಂದಲೆಯ ಚಿತ್ರಗಳಿವೆಯೇ?

ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಹಿಂದಲೆಯ ಕೂದಲು ಮಿತವಾದ ಬಂಡವಾಳ. ಒಮ್ಮೆ ತೆಗೆದ ಜಾಗದಲ್ಲಿ ಅದು ಮತ್ತೆ ಹುಟ್ಟುವುದಿಲ್ಲ. ಬೋಳುತನವಾದರೋ ವಯಸ್ಸಿನೊಂದಿಗೆ ಮುಂದುವರಿಯುತ್ತದೆ. ಇಪ್ಪತ್ತೈದರ ಹರೆಯದಲ್ಲಿ ಒಂದೇ ಬಾರಿಗೆ ಹೆಚ್ಚು ತೆಗೆಸಿ, ಬಿಗಿಯಾಗಿ ಹೊಲಿಸಿಕೊಂಡವರಿಗೆ ನಲವತ್ತರಲ್ಲಿ ಮತ್ತೆ ಬೇಕೆನಿಸಿದಾಗ ಕೂದಲೂ ಉಳಿದಿರುವುದಿಲ್ಲ, ಚರ್ಮದ ಸಡಿಲವೂ ಉಳಿದಿರುವುದಿಲ್ಲ.